ಕಬ್ಬಿನ ಗದ್ದೆಯಿಂದ ಎದ್ದು ಬಂದ ಹೆಣಗಳು

ಓದಿನ ವಿಷಯದಲ್ಲಿ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಒಂದು ಅಲಿಖಿತ ವೇಳಾಪಟ್ಟಿ ಇದೆ. ಬಾಲ್ಯದಲ್ಲಿ ಚಿತ್ರಕಥೆ, ಕಾಲೇಜಿನ ದಿನಗಳಲ್ಲಿ ಪತ್ತೇದಾರಿ ಕಾದಂಬರಿ, ಉದ್ಯೋಗದಲ್ಲಿರುವಾಗ ದಿನಪತ್ರಿಕೆ ಮತ್ತು ಸುತ್ತೋಲೆ, ನಿವೃತ್ತಿಯ ನಂತರ ಗೀತೆ, ವಚನ, ಕಗ್ಗ. ಈ ಪಟ್ಟಿಯನ್ನು ಮೀರಿ ನಡೆದವರನ್ನು ಸಮಾಜ ಶಿಕ್ಷಿಸುವುದಿಲ್ಲ ನಿಜ. ಆದರೆ ಅನುಕಂಪದಿಂದ ನೋಡುತ್ತದೆ. ಅರವತ್ತು ದಾಟಿದವನೊಬ್ಬನ ಮೇಜಿನ ಮೇಲೆ ಸತ್ತವರು ಎದ್ದು ನಡೆಯುವ ಕಥೆಯ ಕಾಮಿಕ್ಸ್ ಪುಸ್ತಕ ಕಂಡರೆ ಬಂದವರು ಮೊದಲು ಪುಸ್ತಕವನ್ನೂ ಅನಂತರ ಅವನ ಮುಖವನ್ನೂ ನೋಡುತ್ತಾರೆ. ‘ಮೊಮ್ಮಕ್ಕಳದೇನ್ರಿ ಸಾಹೇಬ್ರೆ?’ ಎಂದು ಕೇಳುತ್ತಾರೆ. ‘ಅಲ್ಲ, ನನ್ನದೇ’ ಎಂದರೆ ಮಾತು ಮಳೆ-ಬೆಳೆಯ ಕಡೆಗೆ ತಿರುಗುತ್ತದೆ.

ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಸರ್ಕಾರದ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದು, ಈಗ ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದಲ್ಲಿ ನೆಲೆಸಿರುವ ನನಗೆ ಜೋಂಬಿ ಕಥೆಗಳೆಂದರೆ ಪ್ರೀತಿ. ಜೊತೆಗೆ ‘ಪಾಪ್ ಆರ್ಟ್’ ಎಂದು ಕರೆಯಲಾಗುವ ಬಗೆಯ ಚಿತ್ರಗಳನ್ನು ಬರೆಯುವ ಹುಚ್ಚೂ ಇದೆ. ಈ ಎರಡು ಹವ್ಯಾಸಗಳನ್ನು ಸಮರ್ಥಿಸಿಕೊಳ್ಳುವುದಷ್ಟೇ ಈ ಲೇಖನದ ಉದ್ದೇಶವಾಗಿದ್ದರೆ ಪತ್ರಿಕೆಯ ಜಾಗವನ್ನು ಕೇಳುತ್ತಿರಲಿಲ್ಲ. ಯಾವ ಕಥೆ ಓದಲು ಯೋಗ್ಯ, ಯಾವ ಚಿತ್ರ ನೋಡಲು ಯೋಗ್ಯ ಎಂದು ನಾವು ಮಾಡುವ ತೀರ್ಮಾನಗಳಿಗೂ ಹಳ್ಳಿಯ ಮಗುವಿನ ಕೈಗೆ ಯಾವ ಪುಸ್ತಕ ಸಿಗುತ್ತದೆ ಎಂಬುದಕ್ಕೂ ನೇರ ಸಂಬಂಧವಿದೆ. ಆ ಸಂಬಂಧವನ್ನು ವಿವರಿಸುವುದು ನನ್ನ ಉದ್ದೇಶ.

ಮೊದಲಿಗೆ, ಹೆಣ ಎದ್ದು ನಡೆಯುವ ಕಥೆ ಪರದೇಶದ್ದು ಎಂಬ ಆಕ್ಷೇಪವನ್ನು ನೋಡೋಣ. ಕನ್ನಡದ ಮನೆಗಳಲ್ಲಿ ಹೆಣವನ್ನು ಹೆಗಲ ಮೇಲೆ ಹೊತ್ತ ರಾಜನ ಚಿತ್ರವನ್ನು ಕಾಣದೆ ಬೆಳೆದವರು ನನ್ನ ತಲೆಮಾರಿನಲ್ಲಿ ವಿರಳ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಸಂಸ್ಕೃತದಲ್ಲಿ ರಚಿಸಿದ ‘ಕಥಾಸರಿತ್ಸಾಗರ’ದಲ್ಲಿ ಬರುವ ಬೇತಾಳನ ಇಪ್ಪತ್ತೈದು ಕಥೆಗಳ ನಾಯಕ ತ್ರಿವಿಕ್ರಮಸೇನ. ಸ್ಮಶಾನದ ಮರದಲ್ಲಿ ನೇತಾಡುವ ಶವದೊಳಗೆ ಹೊಕ್ಕ ಬೇತಾಳ, ದಾರಿ ಸಾಗಲು ಕಥೆ ಹೇಳಿ ಕೊನೆಗೊಂದು ಪ್ರಶ್ನೆ ಕೇಳುತ್ತದೆ. ಉತ್ತರ ತಿಳಿದೂ ರಾಜ ಸುಮ್ಮನಿದ್ದರೆ ಅವನ ತಲೆ ಒಡೆಯುತ್ತದೆ. ಉತ್ತರಿಸಿದರೆ ಮೌನ ಮುರಿದು ಶವ ಮರಳಿ ಮರಕ್ಕೆ ಹಾರುತ್ತದೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಇಕ್ಕಟ್ಟು ಹೊಸದಲ್ಲ. ಸತ್ಯ ಬರೆದರೆ ಕಡತ ಹೊರಟ ಜಾಗಕ್ಕೇ ವಾಪಸು, ಬರೆಯದಿದ್ದರೆ ತಲೆನೋವು ತಪ್ಪದು. ‘ಛಲ ಬಿಡದ ತ್ರಿವಿಕ್ರಮ’ ಎಂಬ ಮಾತು ನಮ್ಮ ಆಡುನುಡಿಯಲ್ಲಿ ಇಂದಿಗೂ ಉಳಿದಿದೆಯೆಂದರೆ ಆ ಕಥೆಯ ಬೇರು ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ಊಹಿಸಬಹುದು.

ಈ ಬೇತಾಳನನ್ನು ಮನೆಮನೆಗೆ ತಲುಪಿಸಿದ್ದು ‘ಚಂದಮಾಮ’. 1947ರ ಜುಲೈನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾದ ಈ ಪತ್ರಿಕೆ ಕೆಲವೇ ವರ್ಷಗಳಲ್ಲಿ ಕನ್ನಡಕ್ಕೂ ಬಂತು. ಮೂಲದ ಇಪ್ಪತ್ತೈದು ಕಥೆಗಳು ಮುಗಿದರೂ ಅದೇ ಚೌಕಟ್ಟಿನಲ್ಲಿ ಹೊಸ ಕಥೆಗಳು ದಶಕಗಳ ಕಾಲ ಹುಟ್ಟುತ್ತಲೇ ಇದ್ದವು. ಎಡಗೈಯಲ್ಲಿ ಹೆಣವನ್ನು ಹೆಗಲಿಗೆ ಒತ್ತಿಹಿಡಿದು, ಬಲಗೈಯಲ್ಲಿ ಖಡ್ಗ ಹಿಡಿದು ನಡೆಯುವ ರಾಜನ ರೂಪವನ್ನು ನಮ್ಮ ಕಣ್ಣಲ್ಲಿ ಅಚ್ಚೊತ್ತಿದವರು ‘ಚಂದಮಾಮ ಶಂಕರ್’ ಎಂದೇ ಹೆಸರಾದ ಕೆ.ಸಿ. ಶಿವಶಂಕರನ್. 1924ರಲ್ಲಿ ಜನಿಸಿದ ಅವರು 2020ರಲ್ಲಿ ನಿಧನರಾದರು. ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಬಂತು. ಪತ್ರಿಕೆ ಅದಕ್ಕೂ ಕೆಲವು ವರ್ಷ ಮೊದಲೇ ನಿಂತುಹೋಗಿತ್ತು. ಲಕ್ಷಾಂತರ ಮಕ್ಕಳಿಗೆ ಕಣ್ಣು ಕೊಟ್ಟ ಕಲಾವಿದನಿಗೆ ಆ ಗೌರವ ಬದುಕಿದ್ದಾಗ ಬರಲಿಲ್ಲ ಎಂಬುದು ಚಿತ್ರಕಥೆಗಳಿಗೆ ನಾವು ಕೊಟ್ಟಿರುವ ಸ್ಥಾನಮಾನದ ಒಂದು ಅಳತೆಗೋಲು.

ಚಿತ್ರಕಥೆಯ ಚರಿತ್ರೆಯಲ್ಲಿ ಕನ್ನಡದ ಪಾಲು ಸಣ್ಣದಲ್ಲ. ಇಂಗ್ಲಿಷಿನ ‘ಅಮರ ಚಿತ್ರಕಥೆ’ ಮಾಲೆ ಹನ್ನೊಂದನೆಯ ಸಂಖ್ಯೆಯಿಂದ ಆರಂಭವಾಗುವುದನ್ನು ಗಮನಿಸಿದವರು ಕಾರಣವನ್ನು ಹುಡುಕಿದರೆ ಬೆಂಗಳೂರಿಗೆ ಬಂದು ತಲುಪುತ್ತಾರೆ. ಮೊದಲ ಹತ್ತು ಪುಸ್ತಕಗಳು ಕನ್ನಡದವು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ 1965ರಲ್ಲಿ ಹೊರಬಂದ ಅವು ಪಾಶ್ಚಾತ್ಯ ಮಕ್ಕಳ ಕಥೆಗಳ ಕನ್ನಡ ರೂಪಗಳಾಗಿದ್ದವು. ಮಾಲೆಯನ್ನು ಮುಂದೆ ಬೆಳೆಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಅದೇ 1965ರಲ್ಲಿ ಆರಂಭವಾದ ‘ಸುಧಾ’ ವಾರಪತ್ರಿಕೆಯ ಪುಟಗಳಲ್ಲಿ ಫ್ಯಾಂಟಮ್ ಓದಲು ಅಣ್ಣ-ತಮ್ಮಂದಿರು ಜಗಳವಾಡುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಆ ಫ್ಯಾಂಟಮ್ ಕೂಡ ‘ನಡೆದಾಡುವ ಭೂತ’ವೇ. ಹಿಂದಿಯಲ್ಲಿ ಅವನ ಹೆಸರು ‘ವೇತಾಳ’ ಎಂದೇ ಇತ್ತು.

ಹಾಗಿದ್ದರೆ ನಮ್ಮ ಬೇತಾಳಕ್ಕೂ ಹೊರಗಿನ ಜೋಂಬಿಗೂ ಇರುವ ವ್ಯತ್ಯಾಸವೇನು? ಬೇತಾಳಕ್ಕೆ ಬುದ್ಧಿಯಿದೆ, ಮಾತಿದೆ, ನ್ಯಾಯಾನ್ಯಾಯದ ಕುತೂಹಲವಿದೆ. ಜೋಂಬಿಗೆ ಇವು ಯಾವುವೂ ಇಲ್ಲ. ಅದು ಪ್ರಶ್ನೆ ಕೇಳುವುದಿಲ್ಲ. ಈ ಮೂಕತನ ಎಲ್ಲಿಂದ ಬಂತೆಂದು ಹುಡುಕುತ್ತ ಹೋದಾಗ ನಾನು ತಲುಪಿದ್ದು ಕಬ್ಬಿನ ಗದ್ದೆಗೆ. ಕುಕ್ಕುವಾಡದಲ್ಲಿ ಕುಳಿತು ಇದನ್ನು ಓದಿದವನಿಗೆ ಆಶ್ಚರ್ಯವಾಗದೆ ಇರದು. ಭದ್ರಾ ನಾಲೆಯ ನೀರು, ಅದರಿಂದ ಬಂದ ಭತ್ತ ಮತ್ತು ಕಬ್ಬು, 1970ರಲ್ಲಿ ಸ್ಥಾಪನೆಯಾದ ಕಂಪನಿಯ ಸಕ್ಕರೆ ಕಾರ್ಖಾನೆ, ಇವೇ ಈ ಊರಿನ ಹೆಸರನ್ನು ಹೊರಗೆ ಪರಿಚಯಿಸಿದವು. ಅರೆಯುವ ಹಂಗಾಮಿನಲ್ಲಿ ರಸ್ತೆಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು, ಗಾಳಿಯಲ್ಲಿ ಕಾಕಂಬಿಯ ವಾಸನೆ.

ಜೋಂಬಿಯ ತವರು ಕೆರಿಬಿಯನ್ ದ್ವೀಪರಾಷ್ಟ್ರ ಹೈಟಿ. ಹದಿನೆಂಟನೆಯ ಶತಮಾನದಲ್ಲಿ ಸಾನ್ ದೊಮಿಂಗ್ ಎಂಬ ಹೆಸರಿನಲ್ಲಿ ಫ್ರೆಂಚರ ವಸಾಹತುವಾಗಿದ್ದಾಗ ಅದು ಯುರೋಪಿಗೆ ಸಕ್ಕರೆ ಪೂರೈಸುವ ಅತ್ಯಂತ ಲಾಭದಾಯಕ ನೆಲವಾಗಿತ್ತು. ಫ್ರೆಂಚ್ ಕ್ರಾಂತಿಯ ಹೊತ್ತಿಗೆ ಅಲ್ಲಿ ಸುಮಾರು ಐದು ಲಕ್ಷ ಆಫ್ರಿಕನ್ ಗುಲಾಮರಿದ್ದರು. ಅವರ ಆಯಸ್ಸು ಎಷ್ಟು ಕಡಿಮೆಯಾಗಿತ್ತೆಂದರೆ, ತೋಟದ ಮಾಲೀಕರು ಗುಲಾಮರ ಸಂತಾನವನ್ನು ಬೆಳೆಸುವುದಕ್ಕಿಂತ ಹಡಗಿನಲ್ಲಿ ಹೊಸಬರನ್ನು ತರಿಸುವುದನ್ನೇ ಅಗ್ಗವೆಂದು ಲೆಕ್ಕಹಾಕುತ್ತಿದ್ದರು. ಇಂಥ ಬದುಕಿನಲ್ಲಿ ಸಾವೊಂದೇ ಬಿಡುಗಡೆ. ಸತ್ತ ಮೇಲೆ ಆತ್ಮ ಆಫ್ರಿಕಕ್ಕೆ ಮರಳುತ್ತದೆ ಎಂಬುದು ಅವರ ನಂಬಿಕೆ. ಜೋಂಬಿಯ ಕಲ್ಪನೆ ಆ ನಂಬಿಕೆಗೆ ಎದುರಾದ ಭಯ. ಮಂತ್ರವಾದಿಯೊಬ್ಬ ಹೆಣವನ್ನು ಎಬ್ಬಿಸಿ, ಇಚ್ಛೆ-ನೆನಪುಗಳಿಲ್ಲದ ಆಳಾಗಿಸಿ ಮತ್ತೆ ಗದ್ದೆಗೆ ಅಟ್ಟುತ್ತಾನೆ. ಸತ್ತರೂ ದುಡಿಮೆ ತಪ್ಪದು. 1791ರಲ್ಲಿ ಬಂಡೆದ್ದ ಆ ಗುಲಾಮರು 1804ರ ಜನವರಿ 1ರಂದು ಸ್ವತಂತ್ರ ರಾಷ್ಟ್ರ ಕಟ್ಟಿದರು. ಭಯ ಮಾತ್ರ ಕಥೆಯಾಗಿ ಉಳಿಯಿತು.

ಅಮೆರಿಕ ಹೈಟಿಯನ್ನು 1915ರಿಂದ 1934ರವರೆಗೆ ಆಕ್ರಮಿಸಿಕೊಂಡಿತ್ತು. ಆ ಅವಧಿಯಲ್ಲಿ ಅಲ್ಲಿಗೆ ಹೋದ ವಿಲಿಯಂ ಸೀಬ್ರೂಕ್ ಎಂಬ ಪತ್ರಕರ್ತ 1929ರಲ್ಲಿ ‘ದಿ ಮ್ಯಾಜಿಕ್ ಐಲ್ಯಾಂಡ್’ ಪುಸ್ತಕ ಬರೆದ. ಇಂಗ್ಲಿಷ್ ಓದುಗರಿಗೆ ಜೋಂಬಿಯ ಪರಿಚಯವಾದದ್ದು ಮುಖ್ಯವಾಗಿ ಅದರಿಂದಲೇ. ಉತ್ಪ್ರೇಕ್ಷೆಗೆ ಕೊರತೆಯಿಲ್ಲದ ಆ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. 1918ರ ಭರ್ಜರಿ ಕಬ್ಬಿನ ಹಂಗಾಮಿನಲ್ಲಿ ಮೇಸ್ತ್ರಿಯೊಬ್ಬ ಚಿಂದಿಯುಟ್ಟ ಆಳುಗಳ ಗುಂಪನ್ನು ಸಕ್ಕರೆ ಕಂಪನಿಯ ಗದ್ದೆಗೆ ಕರೆತರುತ್ತಾನೆ. ಅವರು ಜೋಂಬಿಗಳು. ಕೂಲಿಯೆಲ್ಲ ಮೇಸ್ತ್ರಿಗೆ. ಅವರ ಊಟಕ್ಕೆ ಉಪ್ಪು ಹಾಕುವಂತಿಲ್ಲ. ಉಪ್ಪು ನಾಲಿಗೆಗೆ ತಾಗಿದರೆ ತಾವು ಸತ್ತಿದ್ದೇವೆಂಬ ಅರಿವು ಅವರಿಗೆ ಬಂದುಬಿಡುತ್ತದೆ. ಮೇಸ್ತ್ರಿಯ ಹೆಂಡತಿ ಕನಿಕರಪಟ್ಟು ಒಂದು ದಿನ ಅವರಿಗೆ ಮಿಠಾಯಿ ಕೊಡುತ್ತಾಳೆ. ಅದರಲ್ಲಿದ್ದ ಬೀಜಗಳಿಗೆ ಉಪ್ಪು ಹಚ್ಚಿದ್ದರು. ಅದನ್ನು ತಿಂದೊಡನೆ ಆ ಗುಂಪು ಎದ್ದು, ಯಾರ ಮಾತಿಗೂ ನಿಲ್ಲದೆ, ತಮ್ಮ ಬೆಟ್ಟದ ಹಳ್ಳಿಯ ಸ್ಮಶಾನಕ್ಕೆ ನಡೆದುಹೋಗುತ್ತದೆ.

ಉಪ್ಪಿನ ಋಣದ ಮಾತಾಡುವ ನಮಗೆ ಈ ಕಥೆ ತಲೆಕೆಳಗಾದ ಗಾದೆಯಂತೆ ಕೇಳಿಸುತ್ತದೆ. ನಮ್ಮಲ್ಲಿ ಉಪ್ಪು ಆಳನ್ನು ಒಡೆಯನಿಗೆ ಕಟ್ಟಿಹಾಕುತ್ತದೆ, ಹೈಟಿಯ ಕಥೆಯಲ್ಲಿ ಅದೇ ಉಪ್ಪು ಆಳನ್ನು ಬಿಡಿಸುತ್ತದೆ. ಮುಂಗಡ ಹಣ ಪಡೆದು ದೂರದ ಊರುಗಳಿಂದ ಕುಟುಂಬ ಸಮೇತ ಬಂದು ಕಬ್ಬು ಕಡಿಯುವ ಗ್ಯಾಂಗುಗಳು ದಕ್ಷಿಣ ಭಾರತದ ಎಲ್ಲ ಸಕ್ಕರೆ ಸೀಮೆಗಳಲ್ಲೂ ಇವೆ. ಅವರನ್ನು ಜೋಂಬಿಗಳಿಗೆ ಹೋಲಿಸುವುದು ಅನ್ಯಾಯವಾದೀತು. ಅವರು ನಗುತ್ತಾರೆ, ಹಾಡುತ್ತಾರೆ, ಕೂಲಿಗಾಗಿ ಗಟ್ಟಿ ದನಿಯಲ್ಲಿ ವಾದಿಸುತ್ತಾರೆ. ಆದರೆ ಜೀತಪದ್ಧತಿ ನಿರ್ಮೂಲನ ಕಾಯ್ದೆ ಬಂದದ್ದು 1976ರಲ್ಲಿ ಎಂಬುದನ್ನು ನೆನೆದಾಗ, ಮನುಷ್ಯನನ್ನು ಅವನ ಇಚ್ಛೆಯಿಂದ ಬೇರ್ಪಡಿಸಿ ಬರಿಯ ದುಡಿಮೆಯಾಗಿ ಕಾಣುವ ಲೆಕ್ಕಾಚಾರ ಹೈಟಿಗೆ ಮಾತ್ರ ಸೇರಿದ್ದಲ್ಲ ಎಂಬುದು ಸ್ಪಷ್ಟವಾಗುತ್ತದೆ. ಅರ್ಥಶಾಸ್ತ್ರದ ಪಠ್ಯಗಳು ‘ಶ್ರಮ’ ಎಂಬ ಉತ್ಪಾದನಾಂಗದ ಬಗ್ಗೆ ಹೇಳಿಕೊಡುತ್ತವೆ. ಆ ಶಬ್ದದೊಳಗೆ ಏನನ್ನು ಬಚ್ಚಿಡಬಹುದು ಎಂಬುದನ್ನು ನನಗೆ ಮನಗಾಣಿಸಿದ್ದು ಒಂದು ಹೆಣದ ಕಥೆ.

ಜೋಂಬಿ ಜಗತ್ತನ್ನೆಲ್ಲ ಆವರಿಸಿದ್ದಕ್ಕೂ ಒಂದು ಆರ್ಥಿಕ ಕಾರಣವಿದೆ. ಜಾರ್ಜ್ ರೊಮೆರೊ 1968ರಲ್ಲಿ ತೀರ ಕಡಿಮೆ ಹಣದಲ್ಲಿ ತಯಾರಿಸಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದ ಹೆಸರನ್ನು ಕೊನೆಯ ಗಳಿಗೆಯಲ್ಲಿ ಬದಲಿಸಿದಾಗ ವಿತರಕರು ಕೃತಿಸ್ವಾಮ್ಯದ ಸೂಚನೆಯನ್ನು ಹಾಕುವುದನ್ನು ಬಿಟ್ಟುಬಿಟ್ಟರು. ಅಂದಿನ ಅಮೆರಿಕದ ಕಾನೂನಿನ ಪ್ರಕಾರ ಚಿತ್ರ ಸಾರ್ವಜನಿಕ ಸ್ವತ್ತಾಯಿತು. ರೊಮೆರೊಗೆ ನಷ್ಟವಾಯಿತು, ಆದರೆ ಯಾರು ಬೇಕಾದರೂ ಆ ಚಿತ್ರವನ್ನು ತೋರಿಸಬಹುದಾಯಿತು, ಅದರ ಕಲ್ಪನೆಯನ್ನು ಮುಂದುವರಿಸಬಹುದಾಯಿತು. ಊರ ಮುಂದಿನ ಗೋಮಾಳದಂತೆ ಎಲ್ಲರೂ ಅಲ್ಲಿ ಮೇಯಿಸಿದರು, ವಿಚಿತ್ರವೆಂದರೆ ಹುಲ್ಲು ಕಡಿಮೆಯಾಗದೆ ಹೆಚ್ಚಾಯಿತು. ನಮ್ಮ ಬೇತಾಳನ ಕಥೆ ಸಾವಿರ ವರ್ಷ ಬಾಳಿದ್ದೂ ಇದೇ ನ್ಯಾಯದಿಂದ. ನೆರೆಯ ತಮಿಳಿನಲ್ಲಿ 2016ರಲ್ಲಿ ‘ಮಿರುದನ್’, ತೆಲುಗಿನಲ್ಲಿ 2021ರಲ್ಲಿ ‘ಜೋಂಬಿ ರೆಡ್ಡಿ’ ಬಂದವು.

ನಾನು ಮತ್ತೆ ಮತ್ತೆ ಓದುವ ಕೃತಿ ರಾಬರ್ಟ್ ಕರ್ಕ್‌ಮನ್ ಬರೆದ ‘ದಿ ವಾಕಿಂಗ್ ಡೆಡ್’. 2003ರ ಅಕ್ಟೋಬರಿನಿಂದ 2019ರ ಜುಲೈವರೆಗೆ 193 ಸಂಚಿಕೆಗಳಲ್ಲಿ, ಕಪ್ಪು-ಬಿಳುಪು ಚಿತ್ರಗಳಲ್ಲಿ ಬಂದ ಕಥೆ ಇದು. ಮೊದಲ ಆರು ಸಂಚಿಕೆಗಳ ಚಿತ್ರಕಾರ ಟೋನಿ ಮೂರ್, ಅಲ್ಲಿಂದ ಮುಂದೆ ಚಾರ್ಲಿ ಅಡ್ಲಾರ್ಡ್. ಇದರಲ್ಲಿ ಹೆಣಗಳು ಹಿನ್ನೆಲೆಗೆ ಸರಿದು ಆಡಳಿತ ಮುನ್ನೆಲೆಗೆ ಬರುತ್ತದೆ. ಸರ್ಕಾರ ಅಳಿದ ಮೇಲೆ ಬೇಲಿ ಯಾರು ಕಟ್ಟಬೇಕು, ಧಾನ್ಯ ಯಾರು ಹಂಚಬೇಕು, ಕೊಲೆಗಾರನಿಗೆ ಶಿಕ್ಷೆ ಯಾರು ವಿಧಿಸಬೇಕು, ಹೊರಗಿನವರನ್ನು ಒಳಗೆ ಬಿಡಬೇಕೇ? ಕಥಾನಾಯಕ ರಿಕ್ ಒಬ್ಬ ಪೊಲೀಸ್ ಅಧಿಕಾರಿ. ಅವನಿಗೆ ಸಮವಸ್ತ್ರವಿದೆ, ಹಿಂದೆ ರಾಜ್ಯವಿಲ್ಲ. ಬರಗಾಲದಲ್ಲಿ ಮೇವು ಹಂಚಿದವರಿಗೆ, ನೆರೆ ಬಂದಾಗ ಗಂಜಿ ಕೇಂದ್ರ ನಡೆಸಿದವರಿಗೆ ಈ ಪ್ರಶ್ನೆಗಳು ಕಾಲ್ಪನಿಕವೆನಿಸುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2011ರಲ್ಲಿ ವಿಪತ್ತಿನ ಸಿದ್ಧತೆಯ ತಿಳಿವಳಿಕೆ ನೀಡಲು ಜೋಂಬಿ ಕಥೆಯನ್ನೇ ಬಳಸಿ ಒಂದು ಚಿತ್ರಕಥೆಯನ್ನೂ ಹೊರತಂದಿತು. ನೀರು, ಆಹಾರ, ಔಷಧ, ದಾಖಲೆಪತ್ರ ಸಿದ್ಧವಿಟ್ಟುಕೊಳ್ಳಿ ಎಂಬ ಸಪ್ಪೆ ಸಲಹೆಯನ್ನು ಜನ ಕುತೂಹಲದಿಂದ ಓದಿದರು. ಸುತ್ತೋಲೆಗಳನ್ನು ಬರೆದೂ ಬರೆದೂ ದಣಿದವನಾಗಿ ಆ ಜಾಣತನಕ್ಕೆ ನಾನು ತಲೆದೂಗುತ್ತೇನೆ.

ಅರ್ಥಶಾಸ್ತ್ರಜ್ಞರೂ ಈ ಶಬ್ದವನ್ನು ಬಿಡಲಿಲ್ಲ. ಆಸ್ತಿಗಿಂತ ಸಾಲ ಹೆಚ್ಚಾಗಿ, ಸರ್ಕಾರದ ಖಾತರಿಯೊಂದರಿಂದಲೇ ಉಸಿರಾಡುತ್ತಿದ್ದ ಅಮೆರಿಕದ ಉಳಿತಾಯ ಸಂಸ್ಥೆಗಳನ್ನು 1980ರ ದಶಕದಲ್ಲಿ ಎಡ್ವರ್ಡ್ ಕೇನ್ ‘ಜೋಂಬಿ’ ಎಂದು ಕರೆದರು. ಜಪಾನಿನ ಬ್ಯಾಂಕುಗಳು ಮುಳುಗಿದ ಕಂಪನಿಗಳಿಗೆ ಸಾಲ ಕೊಡುತ್ತಲೇ ಹೋಗಿ ಆರೋಗ್ಯವಂತ ಕಂಪನಿಗಳ ದಾರಿಯನ್ನೂ ಕಟ್ಟಿದ್ದನ್ನು ಕಬಾಯೆರೊ, ಹೋಶಿ ಮತ್ತು ಕಶ್ಯಪ್ 2008ರ ಪ್ರಬಂಧದಲ್ಲಿ ವಿವರಿಸಿದರು. ನಾವು ಅಂಥವನ್ನು ‘ರೋಗಗ್ರಸ್ತ ಕೈಗಾರಿಕೆ’ ಎಂದು ಕರೆದು 1985ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿದೆವು. ದಿವಾಳಿ ಸಂಹಿತೆ ಬಂದದ್ದು 2016ರಲ್ಲಿ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಮೌನವಾದುದನ್ನು ಕಂಡವರಿಗೆ ಈ ರೂಪಕ ವಿವರಿಸಬೇಕಿಲ್ಲ. ಗಿರಣಿ ಸತ್ತರೂ ಗಿರಣಿಯ ಹೆಸರಿನ ಬಸ್ ನಿಲ್ದಾಣ ಉಳಿಯುತ್ತದೆ.

ಇನ್ನು ಪಾಪ್ ಆರ್ಟ್. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್, ಅಮೆರಿಕಗಳ ಕೆಲವು ಕಲಾವಿದರು ದೇವರು, ರಾಜರು, ಪ್ರಕೃತಿದೃಶ್ಯಗಳನ್ನು ಬಿಟ್ಟು ಅಂಗಡಿಯ ಸರಕು, ಜಾಹೀರಾತು, ಕಾಮಿಕ್ಸ್ ಪುಟಗಳನ್ನು ಕಲೆಯ ವಸ್ತುವಾಗಿಸಿದರು. ಆಂಡಿ ವಾರ್ಹೋಲ್ 1962ರಲ್ಲಿ ಸೂಪ್ ಡಬ್ಬಿಗಳ 32 ಚಿತ್ರಗಳನ್ನು ಲಾಸ್ ಏಂಜಲೀಸಿನಲ್ಲಿ ಪ್ರದರ್ಶಿಸಿದ. ಒಂದೊಂದರ ಬೆಲೆ 100 ಡಾಲರ್. ಬಿಡಿಬಿಡಿಯಾಗಿ ಮಾರುವ ಬದಲು ಗ್ಯಾಲರಿಯವರೇ ಎಲ್ಲವನ್ನೂ 1,000 ಡಾಲರಿಗೆ ಉಳಿಸಿಕೊಂಡರು. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಅವು ಸೇರಿದಾಗ ಕಟ್ಟಿದ ಮೌಲ್ಯ ಸುಮಾರು ಒಂದೂವರೆ ಕೋಟಿ ಡಾಲರ್. ರಾಯ್ ಲಿಕ್ಟನ್‌ಸ್ಟೈನ್ ಯುದ್ಧದ ಕಾಮಿಕ್ಸಿನ ಒಂದು ಚೌಕವನ್ನು ಗೋಡೆಯಷ್ಟು ಹಿಗ್ಗಿಸಿ 1963ರಲ್ಲಿ ‘ವ್ಯಾಮ್!’ ರಚಿಸಿದ. ಅಗ್ಗದ ಮುದ್ರಣದಲ್ಲಿ ಬಣ್ಣ ಕಾಣಿಸಲು ಬಳಸುವ ಚುಕ್ಕಿಗಳನ್ನೂ ಬಿಡದೆ ಬರೆದ. ಅವನಿಗೆ ಕೀರ್ತಿ ಬಂತು. ಮೂಲ ಚೌಕವನ್ನು ಬರೆದ ಇರ್ವ್ ನೋವಿಕ್ ಹೆಸರು ಬಹುಕಾಲ ಯಾರಿಗೂ ಬೇಕಾಗಲಿಲ್ಲ.

ಭಾರತದಲ್ಲಿ ಈ ದಾರಿ ಹಿಡಿದವರಲ್ಲಿ ಮುಖ್ಯರು ಬರೋಡದ ಭೂಪೇನ್ ಖಖ್ಖರ್. ವೃತ್ತಿಯಿಂದ ಲೆಕ್ಕಪರಿಶೋಧಕರಾಗಿ, ಬಿಡುವಿನಲ್ಲಿ ಚಿತ್ರ ಬರೆದ ಅವರು ಕ್ಯಾಲೆಂಡರ್ ದೇವರುಗಳನ್ನು, ಕ್ಷೌರದಂಗಡಿಯನ್ನು, ಗಡಿಯಾರ ರಿಪೇರಿಯವನನ್ನು ಕ್ಯಾನ್ವಾಸಿಗೆ ತಂದರು. 1972ರ ‘ಜನತಾ ವಾಚ್ ರಿಪೇರಿಂಗ್’ ಅಂಥ ಒಂದು ಚಿತ್ರ. ಲೆಕ್ಕ ಬರೆಯುವ ಕೈ ಕುಂಚ ಹಿಡಿದೀತು ಎಂಬ ಧೈರ್ಯ ನನಗೆ ಬಂದದ್ದು ಅವರಿಂದ. ಕ್ಯಾಲೆಂಡರ್ ಚಿತ್ರಗಳ ಮಾತು ಬಂದಾಗ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಅವರನ್ನು ನೆನೆಯದಿರಲಾಗದು. ಸಿನಿಮಾ ಪೋಸ್ಟರುಗಳಿಂದ ಪುರಾಣಪುರುಷರವರೆಗೆ ಅವರ ಕುಂಚ ಹರಿದಾಡಿತ್ತು. ನಮ್ಮ ದಾವಣಗೆರೆಯಂತೂ ಚಿಂದೋಡಿ ಲೀಲಾ ಅವರ ನಾಟಕ ಕಂಪನಿಯ ಊರು. ಅರಮನೆ, ಕಾಡು, ಬೀದಿಯ ಪರದೆಗಳನ್ನು ಬರೆದ ಕಲಾವಿದರು, ಮೂರು ಬಣ್ಣಗಳಲ್ಲಿ ಕರಪತ್ರ ಅಚ್ಚು ಹಾಕಿದ ಮುದ್ರಕರು, ಲಾರಿಯ ಹಿಂಬದಿಗೆ ಹೂಬಳ್ಳಿ ಬಿಡಿಸಿದವರು, ಇವರೆಲ್ಲ ಆ ಹೆಸರನ್ನು ಕೇಳದೆಯೇ ಪಾಪ್ ಕಲಾವಿದರಾಗಿದ್ದರು. ಎರಡು ಬಿಂಬಗಳನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸುವುದು ಆಧುನಿಕರ ಆವಿಷ್ಕಾರವೆಂದು ಹೇಳುವವರು ಹರಿಹರಕ್ಕೆ ಬಂದು, ಹೊಯ್ಸಳರ ಕಾಲದ ದೇವಾಲಯದಲ್ಲಿ ಅರ್ಧ ವಿಷ್ಣು, ಅರ್ಧ ಶಿವನಾಗಿ ನಿಂತ ಮೂರ್ತಿಯನ್ನು ನೋಡಬೇಕು.

ನನ್ನ ಪ್ರಯೋಗಗಳು ಸಣ್ಣವು. ಹಳೆಯ ಎಕ್ಸ್-ರೇ ಹಾಳೆಗೆ ಸಾಲಾಗಿ ರಂಧ್ರ ಕೊರೆದು ಚುಕ್ಕಿಯ ಅಚ್ಚು ಮಾಡಿಕೊಳ್ಳುತ್ತೇನೆ. ಕ್ಯಾನ್ವಾಸಿನ ಬದಲು ಖಾಲಿ ಸಕ್ಕರೆ ಚೀಲ. ಬೆಣ್ಣೆ ದೋಸೆಯ ಹನ್ನೆರಡು ತಟ್ಟೆಗಳು, ಮಂಡಕ್ಕಿ ಭಟ್ಟಿಯ ಹೊಗೆ, ಬೆಂಕಿಪೊಟ್ಟಣದ ಚೀಟಿ ಇವು ನನ್ನ ವಸ್ತುಗಳು. ಕೆಂಪು-ಹಳದಿ ಚುಕ್ಕಿಗಳಲ್ಲಿ ಬೇತಾಳವನ್ನು ಹೊತ್ತ ತ್ರಿವಿಕ್ರಮನನ್ನು ಬಿಡಿಸಿ, ಅವನ ಹೆಗಲ ಮೇಲಿನ ಹೆಣವನ್ನು ಐವತ್ತು ಕಿಲೋ ಸಕ್ಕರೆ ಮೂಟೆಯಂತೆ ತೋರಿಸಿದ್ದೇನೆ. ನಾನು ಪಾಲಿಸುವ ನಿಯಮ ಒಂದೇ. ಯಾರ ಗೆರೆಯನ್ನು ಎರವಲು ಪಡೆದೆನೋ ಅವರ ಹೆಸರನ್ನು ಚಿತ್ರದ ಕೆಳಗೆ ಬರೆಯುತ್ತೇನೆ. ಈ ಚಿತ್ರದ ಕೆಳಗೆ ‘ಶಂಕರ್ ಅವರ ಚಿತ್ರದ ನೆನಪಿನಲ್ಲಿ’ ಎಂದಿದೆ.

ಒಣಗಲೆಂದು ಆ ಚೀಲವನ್ನು ಜಗುಲಿಯ ಮೇಲೆ ಹರಡಿದ್ದ ದಿನ, ಕಬ್ಬು ಕಡಿಯಲು ಬಂದಿದ್ದ ಕುಟುಂಬವೊಂದರ ಎಂಟೊಂಬತ್ತು ವರ್ಷದ ಹುಡುಗಿ ನೀರು ಕೇಳಿಕೊಂಡು ಬಂದಳು. ಕೊಡ ತುಂಬುವವರೆಗೂ ಚಿತ್ರವನ್ನೇ ನೋಡುತ್ತಿದ್ದಳು. ಅನಂತರ, ‘ಅಜ್ಜಾ, ಆ ಹೆಣ ರಾಜನ ಕಿವಿಯಾಗ ಏನ್ ಕೇಳಾಕತ್ತೈತಿ?’ ಎಂದಳು. ಬೇತಾಳ ಮಾತಾಡುತ್ತಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಗೆರೆಯೇ ಹೇಳಿತ್ತು. ಕಥೆ ಹೇಳಿದೆ. ಮರುದಿನ ತಮ್ಮನನ್ನೂ ಕರೆತಂದು ಇನ್ನೊಂದು ಕೇಳಿದಳು. ಅಕ್ಷರಗಳನ್ನು ಕೂಡಿಸಿ ಓದಲು ಅವಳಿಗೆ ಬರುತ್ತಿರಲಿಲ್ಲ. ಹಂಗಾಮಿನ ಜೊತೆ ಊರು ಬದಲಿಸುವ ಮಗುವಿನ ಶಾಲೆ ವರ್ಷದಲ್ಲಿ ಹಲವು ತಿಂಗಳು ತಪ್ಪುತ್ತದೆ. ಆದರೆ ಮುಂದಿನ ಚೌಕದಲ್ಲಿ ಏನಿದೆ ಎಂಬ ಆಸೆ ಅವಳಲ್ಲಿತ್ತು. ಓದು ಹುಟ್ಟುವುದು ಆ ಆಸೆಯಿಂದ. ಚಿತ್ರದಿಂದ ಚಿತ್ರಕ್ಕೆ ದಾಟುವಾಗ ನಡುವಿನ ಖಾಲಿ ಜಾಗವನ್ನು ಊಹಿಸಿ ತುಂಬಿಕೊಳ್ಳುವ ಮಗು, ವಾಕ್ಯದಿಂದ ವಾಕ್ಯಕ್ಕೆ ದಾಟುವುದನ್ನೂ ಕಲಿಯುತ್ತಿರುತ್ತದೆ.

ಇಲ್ಲಿಯೇ ಗ್ರಂಥಾಲಯದ ಪ್ರಶ್ನೆ ಬರುತ್ತದೆ. ಅವಳ ಕೈಗೆ ಕೊಡಲು ಕನ್ನಡದ ಚಿತ್ರಕಥೆಯ ಪುಸ್ತಕವೊಂದನ್ನು ಸಾರ್ವಜನಿಕ ಕಪಾಟಿನಲ್ಲಿ ಹುಡುಕುವುದು ಸುಲಭವಲ್ಲ. ಇದಕ್ಕೆ ಹಣದ ಅಭಾವ ಮಾತ್ರ ಕಾರಣವಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಅನುಸಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ‘ಅರಿವು ಕೇಂದ್ರ’ ಎಂಬ ಹೊಸ ಹೆಸರೂ ಬಂತು. ಇವೆಲ್ಲ ಶ್ಲಾಘನೀಯ ಕ್ರಮಗಳು. ಅಡ್ಡಿಯಾಗಿರುವುದು ನಮ್ಮ ಅಭಿರುಚಿಯ ಶ್ರೇಣಿ. ಸ್ಪರ್ಧಾತ್ಮಕ ಪರೀಕ್ಷೆಯ ಮಾರ್ಗದರ್ಶಿಗಳೂ ಮಹಾಪುರುಷರ ಜೀವನಚರಿತ್ರೆಗಳೂ ಯಾರ ಆಕ್ಷೇಪಣೆಯೂ ಇಲ್ಲದೆ ಕಪಾಟು ಸೇರುತ್ತವೆ. ಚಿತ್ರಕಥೆ ಕಂಡರೆ ‘ಇದು ಓದುವ ಪುಸ್ತಕವೇ?’ ಎಂಬ ಪ್ರಶ್ನೆ ಏಳುತ್ತದೆ.

ಈ ಅಂಜಿಕೆಗೆ ಚರಿತ್ರೆಯಿದೆ. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಅಮೆರಿಕದ ಮನೋವೈದ್ಯ, ಕಾಮಿಕ್ಸ್ ಓದುವ ಮಕ್ಕಳು ಅಪರಾಧಿಗಳಾಗುತ್ತಾರೆಂದು ವಾದಿಸಿ ಪುಸ್ತಕ ಬರೆದರು. ಬೆದರಿದ ಪ್ರಕಾಶಕರು ತಾವೇ ಒಂದು ಸಂಹಿತೆ ರಚಿಸಿ, ನಡೆದಾಡುವ ಹೆಣಗಳನ್ನು ಹೆಸರಿಸಿಯೇ ನಿಷೇಧಿಸಿದರು. 1971ರಲ್ಲಿ ನಿಯಮ ಸಡಿಲವಾದಾಗ ಸಾಹಿತ್ಯದಲ್ಲಿ ಘನತೆಯುಳ್ಳ ರಕ್ತಪಿಶಾಚಿಗಳಿಗೆ ಪ್ರವೇಶ ಸಿಕ್ಕಿತು, ಜೋಂಬಿಗೆ ಸಿಗಲಿಲ್ಲ. ಭೂತಗಳಲ್ಲಿಯೂ ಕುಲೀನ-ಅಕುಲೀನ ಭೇದ! ಅದೇ ಅಲೆ 1955ರಲ್ಲಿ ಬ್ರಿಟನ್ನಿನಲ್ಲಿ ಕಾನೂನಾಗಿ, 1956ರಲ್ಲಿ ನಮ್ಮ ಸಂಸತ್ತಿಗೂ ಬಂತು. ಯುವಜನರಿಗೆ ಹಾನಿಕರವಾದ ಪ್ರಕಟಣೆಗಳ ಕುರಿತ ಆ ಕಾಯ್ದೆ, ಹಿಂಸೆ, ಕ್ರೌರ್ಯ ಅಥವಾ ಭೀಭತ್ಸ ಘಟನೆಗಳನ್ನು ಚಿತ್ರಿಸಿ ಇಪ್ಪತ್ತು ವರ್ಷದೊಳಗಿನವರನ್ನು ಕೆಡಿಸುವಂಥ ಕಥೆಗಳ ಮಾರಾಟಕ್ಕೆ ಆರು ತಿಂಗಳವರೆಗಿನ ಸೆರೆವಾಸ ವಿಧಿಸಿತು. ಅಕ್ಷರಶಃ ಓದಿದರೆ ಮಹಾಭಾರತದ ಸೌಪ್ತಿಕ ಪರ್ವವೂ ಕಟಕಟೆ ಏರಬೇಕಾಗುತ್ತದೆ. ಇನ್ನು ವರ್ಥಮ್ ಅವರ ಸಾಕ್ಷ್ಯ? ಅವರ ಕಾಗದಪತ್ರಗಳನ್ನು ಪರಿಶೀಲಿಸಿದ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕಿ ಕ್ಯಾರಲ್ ಟಿಲ್ಲಿ, ಮಕ್ಕಳ ಹೇಳಿಕೆಗಳನ್ನು ವರ್ಥಮ್ ತಿರುಚಿದ್ದರೆಂಬುದನ್ನು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು.

ಹಾಗೆಂದು ಎಲ್ಲ ಹೆಣದ ಕಥೆಗಳನ್ನೂ ಎಲ್ಲ ಮಕ್ಕಳಿಗೂ ಕೊಡಿ ಎಂದು ನಾನು ಹೇಳುತ್ತಿಲ್ಲ. ‘ದಿ ವಾಕಿಂಗ್ ಡೆಡ್’ ವಯಸ್ಕರ ಕೃತಿ. ಅದರ ಕ್ರೌರ್ಯ ಎಂಟು ವರ್ಷದ ಮಗುವಿಗಲ್ಲ. ವಯಸ್ಸಿಗೆ ತಕ್ಕ ವಿಂಗಡಣೆ ಗ್ರಂಥಪಾಲಕರಿಗೆ ಹೊಸ ವಿದ್ಯೆಯಲ್ಲ. ನನ್ನ ಸಲಹೆಗಳು ಮೂರು. ಒಂದು, ಪುಸ್ತಕ ಆಯ್ಕೆಯ ಪಟ್ಟಿಗಳಲ್ಲಿ ಚಿತ್ರಕಥೆಗೆ ಪ್ರತ್ಯೇಕ ವಿಭಾಗವಿರಲಿ, ಖರೀದಿಯ ಒಂದು ಪಾಲು ಅದಕ್ಕೆ ಮೀಸಲಾಗಲಿ. ಎರಡು, ಪುಸ್ತಕ ಪ್ರಾಧಿಕಾರದಂಥ ಸಂಸ್ಥೆಗಳು ಕನ್ನಡದಲ್ಲಿ ಹೊಸ ಚಿತ್ರಕಥೆಗಳನ್ನು ಬರೆಸಿ, ಬರೆದವರ ಹೆಸರಿನಷ್ಟೇ ದೊಡ್ಡದಾಗಿ ಚಿತ್ರಕಾರರ ಹೆಸರನ್ನೂ ಮುದ್ರಿಸಲಿ, ಸಂಭಾವನೆಯನ್ನೂ ಸಮನಾಗಿ ಕೊಡಲಿ. ಮೂರು, ದಾವಣಗೆರೆಯಲ್ಲಿಯೇ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಿದೆ. ಅದರಂಥ ಕಾಲೇಜುಗಳ ವಿದ್ಯಾರ್ಥಿಗಳು ಸುತ್ತಲಿನ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕುಳಿತು, ಮಕ್ಕಳು ಹೇಳುವ ಕಥೆಗಳನ್ನೇ ಚೌಕಗಳಾಗಿ ಬಿಡಿಸಿಕೊಡುವ ವ್ಯವಸ್ಥೆಯಾಗಲಿ. ಹಂಗಾಮಿಗೆ ಬಂದು ಹೋಗುವ ಕುಟುಂಬಗಳ ಮಕ್ಕಳಿಗೆ ವಿಳಾಸದ ಪುರಾವೆ ಕೇಳದೆ ಪುಸ್ತಕ ಕೊಡಲಿ. ಒಂದೆರಡು ಪುಸ್ತಕ ಕಳೆದುಹೋದೀತು. ಕಪಾಟಿನೊಳಗೆ ಧೂಳು ತಿನ್ನುವ ಪುಸ್ತಕವೂ ಒಂದು ಬಗೆಯಲ್ಲಿ ಕಳೆದುಹೋದದ್ದೇ.

ಹೈಟಿಯ ಆಳುಗಳಿಗೆ ಒಂದು ಚಿಟಿಕೆ ಉಪ್ಪು ತಮ್ಮ ಸ್ಥಿತಿಯನ್ನು ತಿಳಿಸಿತು. ಕಥೆಗಳು ಮಾಡುವ ಕೆಲಸವೂ ಅದೇ. ಅದು ಅಮೃತಶಿಲೆಯ ಬಟ್ಟಲಿನಲ್ಲಿ ಬಂತೋ ಹರಿದ ಕಾಗದದ ಪೊಟ್ಟಣದಲ್ಲಿ ಬಂತೋ ಎಂಬುದು ನಾಲಿಗೆಗೆ ಮುಖ್ಯವಲ್ಲ. ಈ ಸಲದ ಹಂಗಾಮು ಮುಗಿದು ಆ ಹುಡುಗಿಯ ಕುಟುಂಬ ಊರಿಗೆ ಮರಳಿದೆ. ಮುಂದಿನ ವರ್ಷ ಅವಳು ಬಂದರೆ ಬೇತಾಳನ ಮುಂದಿನ ಪ್ರಶ್ನೆಯನ್ನು ನನ್ನ ಜಗುಲಿಯಲ್ಲಿ ಕೇಳಬೇಕಾಗಿ ಬರಬಾರದು. ಅದು ಪಂಚಾಯಿತಿಯ ಕಪಾಟಿನಲ್ಲಿ, ಅವಳ ಕೈಗೆಟುಕುವ ಎತ್ತರದಲ್ಲಿ ಇರಬೇಕು.